ಗುರುಬಾಯಿಯ ಮನೆಗೆ ಹೋದ ವಾಯರು

ರಮಜಾನ ಹೇಡಿ. ಎದುರಿಗೆ ನಿಂತವರ ಮುಖ ನೋಡಿ ಇಲ್ಲ ಎನ್ನುವ ಧೈರ್ಯ ಅವನಿಗಿಲ್ಲ. ಎದುರಿಗೆ ಇಲ್ಲದವರ ಪಾಲಿನಲ್ಲಿ ಒಂದಿಷ್ಟು ಕತ್ತರಿಸಿ ಎದುರಿಗಿದ್ದವರ ಕೈಗೆ ಹಾಕುತ್ತಾನೆ. ಊರು ಅದನ್ನು ದೊಡ್ಡ ಮನಸ್ಸು ಎನ್ನುತ್ತದೆ. ಹನ್ನೆರಡು ವರ್ಷ ಅವನ ಜೊತೆ ಬಾಳಿದ ಮೇಲೆ ಅವನ ಹೆಂಡತಿ ತರನ್ನುಮ ಬಂದು ಮುಟ್ಟಿದ ತೀರ್ಪು ಇದು. ಸಿಟ್ಟಿನ ಭರದಲ್ಲಿ ಆಡಿದ ಮಾತಲ್ಲ. ಆಕೆ ಗಣಿತ ಓದಿದವಳು, ಒಂದೊಂದೇ ಮೆಟ್ಟಿಲು ಇಳಿದು ಈ ಉತ್ತರಕ್ಕೆ ಬಂದಿದ್ದಳು.

ತಿಕೋಟಾದಲ್ಲೂ ಬಬಲೇಶ್ವರದಲ್ಲೂ ಅವನಿಗೆ ಕೇಬಲ್ ರಮಜಾನ ಎಂದೇ ಹೆಸರು. ತಂದೆ ಅಬ್ದುಲಗನಿ ವಿಜಯಪುರದ ಗೋಳಗುಮ್ಮಟದ ಹಿಂದಿನ ಓಣಿಯೊಂದರಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ತಂದೆ ತೀರಿಹೋದಾಗ ತಾಯಿ ಹುಸೇನಬಿ ಮಗನನ್ನು ಕರೆದುಕೊಂಡು ತನ್ನ ತವರೂರು ತಿಕೋಟಾಕ್ಕೆ ಬಂದಳು. ಅಲ್ಲಿ ಭಾಗಪ್ಪ ಎಂಬವನು ಮಾಳಿಗೆಯ ಮೇಲೆ ದೊಡ್ಡ ಡಿಶ್ ಕೂರಿಸಿ ಊರಿಗೆಲ್ಲ ಕೇಬಲ್ ಕೊಡಲು ಹೊರಟಿದ್ದ. ಹದಿನಾರರ ರಮಜಾನ ಅವನಲ್ಲಿ ಕೆಲಸಕ್ಕೆ ಸೇರಿದ. ವಾಯರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬೇವಿನ ಗಿಡದಿಂದ ಕಂಬಕ್ಕೆ, ಕಂಬದಿಂದ ಮಾಳಿಗೆಗೆ ಎಳೆದ. ಕಟ್ಟರ್ ಕೈಗೆ ಸಿಗದಾಗ ವಾಯರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿಯುತ್ತಿದ್ದ. ಮುಂದಿನ ಹಲ್ಲಿನಲ್ಲಿ ಅದರ ಕಚ್ಚು ಇವತ್ತಿಗೂ ಇದೆ. ಕೆಲಸ ಮಾತ್ರ ಚೊಕ್ಕ. ಮಾಳಿಗೆಯ ಮೇಲಿನ ಪ್ರತಿ ಜೋಡಣೆಗೂ ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಬೋರಲು ಹಾಕಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯುತ್ತಿದ್ದ. ಮಳೆ ನೀರು ಒಳಗಿಳಿಯುತ್ತಿರಲಿಲ್ಲ. ಆ ಭಾಗದಲ್ಲಿ ಹಾಗೆ ಕಟ್ಟುವವನು ಅವನೊಬ್ಬನೇ.

ಅವನ ಸ್ವಭಾವ ತಿಳಿಯಲು ಬಬಲೇಶ್ವರದ ಒಂದು ಪ್ರಸಂಗ ಸಾಕು. ಕ್ರಿಕೆಟ್ ಫೈನಲ್ ದಿನ ಒಂದೇ ಓಣಿಯ ಐದು ಮನೆಯವರು ಒಬ್ಬರಾದ ಮೇಲೊಬ್ಬರು ಬಂದು ಇವತ್ತೇ ಕೇಬಲ್ ಬೇಕೆಂದು ಹಟ ಹಿಡಿದರು. ಆ ಓಣಿಗೆ ಹೋಗಿದ್ದದ್ದು ಒಂದು ತೆಳ್ಳನೆಯ ವಾಯರು. ರಮಜಾನ ಐವರಿಗೂ "ಆತು ತಗೋರಿ" ಎಂದ. ಒಂದನ್ನು ಎರಡು ಮಾಡಿದ, ಎರಡನ್ನು ಮೂರು ಮಾಡಿದ, ಮೂರನ್ನು ಐದು ಮಾಡಿದ. ಆಟ ಕೊನೆಗೆ ಬರುವ ಹೊತ್ತಿಗೆ ಐದೂ ಪರದೆಗಳ ಮೇಲೆ ಜೋಳದ ಹಿಟ್ಟು ಚೆಲ್ಲಿದಂತಾಗಿ, ಚೆಂಡು ಎತ್ತ ಹೋಯಿತೆಂದು ಯಾರಿಗೂ ಕಾಣಲಿಲ್ಲ.

"ಲೇ ರಮಜಾನ್ಯಾ," ಎಂದ ಭಾಗಪ್ಪ, "ಅಲ್ಲಾ ನಿನಗ ಬಾಯಿ ಕೊಟ್ಟಾನ. ಇಲ್ಲ ಅನ್ನೂ ಮಾತೊಂದು ಅದರಾಗ ಇಡೂದು ಮರತಾನೇನೋ?"

"ಬಾಗಲದಾಗ ಬಂದು ನಿಂತಿದ್ರರಿ ಭಾಗಪ್ಪಣ್ಣಾ. ಹೆಂಗ ಇಲ್ಲ ಅನ್ನೂದು?"

"ನಿಂತವರು ಹೋಗತಾರ. ವಾಯರು ಅಲ್ಲೇ ಇರತೈತಿ."

ಈ ಕಥೆಯನ್ನು ರಮಜಾನನೇ ಮದುವೆಯಾದ ಹೊಸದರಲ್ಲಿ ತರನ್ನುಮಗೆ ನಕ್ಕು ಹೇಳಿದ್ದ. ಅವಳೂ ನಕ್ಕಿದ್ದಳು. ಆಗ ಅವಳು ಬಿ.ಎಸ್ಸಿ., ಬಿ.ಇಡಿ. ಮುಗಿಸಿ ವಿಜಯಪುರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ದಿನಾ ಬೆಳಿಗ್ಗೆ ತಿಕೋಟಾದಿಂದ ಬಸ್ಸು, ಸಂಜೆ ಮರಳಿ ಬಸ್ಸು. ಕೊರೋನಾ ಕಳೆದು ಶಾಲೆ ಬಾಗಿಲು ತೆರೆದ ವರ್ಷವೇ ಅತ್ತೆ ಹುಸೇನಬಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಎಬ್ಬಿಸಲು ಒಬ್ಬರು ಬೇಕು, ಕೂರಿಸಲು ಒಬ್ಬರು ಬೇಕು. ತರನ್ನುಮ ಶಾಲೆ ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ. ಬೇರೆ ಯಾರು ಮಾಡಬೇಕೆಂದು ಯಾರೂ ಕೇಳಲೂ ಇಲ್ಲ.

ಎರಡು ವರ್ಷದ ಮೇಲೆ ಆನ್‌ಲೈನ್ ಪಾಠ ನಡೆಸುವ ಒಂದು ಕಂಪನಿ ಮನೆಯಿಂದಲೇ ಕಲಿಸುವ ಗಣಿತ ಶಿಕ್ಷಕರನ್ನು ಹುಡುಕುತ್ತಿರುವುದು ಅವಳಿಗೆ ತಿಳಿಯಿತು. ಲಿಖಿತ ಪರೀಕ್ಷೆಯಲ್ಲಿ ಅವಳು ಮೊದಲ ಸಾಲಿನಲ್ಲೇ ಬಂದಳು. ಇನ್ನುಳಿದದ್ದು ನಲವತ್ತು ನಿಮಿಷದ ಒಂದು ಪ್ರಯೋಗ ಪಾಠ. ಅದು ತಡೆಯಿಲ್ಲದೆ ಮುಗಿಯಬೇಕು, ಅವಕಾಶ ಎರಡೇ. ಮತ್ತೆ ಶಿಕ್ಷಕಿಯಾಗಲು ಅವಳಿಗೆ ಈ ದಾರಿಯೊಂದೇ ಇತ್ತು, ಆ ದಾರಿ ಮಾಳಿಗೆಯ ಮೇಲಿಂದ ಇಳಿಯುವ ಕೇಬಲ್ ವಾಯರಿನಲ್ಲಿ ಬರಬೇಕಾಗಿತ್ತು. ವಿಜಯಪುರದಲ್ಲಿ ಹೊಸ ಬಗೆಯ ಲೈನುಗಳು ಬಂದಿದ್ದವು. ತಿಕೋಟಾದ ಅವರ ಓಣಿಯಲ್ಲಿ ಭಾಗಪ್ಪನ ಹಳೆಯ ಕಪ್ಪು ವಾಯರೇ ಗತಿ.

ಉಗಾದಿಗೆ ತಿಂಗಳಿರುವಾಗ ರಮಜಾನ ವಿಜಯಪುರದ ಸ್ಟೇಷನ್ ರಸ್ತೆಗೆ ಹೋಗಿ ಮೊಡೆಮ್ ತಂದ. ಅಂದು ಅವನು ಮಾಡಿದಷ್ಟು ಒಳ್ಳೆಯ ಪಾಠವನ್ನು ಅವಳು ಬಿ.ಇಡಿ. ಕಾಲೇಜಿನಲ್ಲೂ ಕೇಳಿರಲಿಲ್ಲ.

"ನೋಡು, ಮನಿಗೆ ಬರೂದು ಒಂದ ವಾಯರು. ಟಿ.ವಿ.ನೂ ಅದರಾಗ, ನೆಟ್ಟೂ ಅದರಾಗ. ಇದು ಸ್ಪ್ಲಿಟರ್. ಒಂದ ಬಾಯಿಲೆ ಒಳಗ ಬಂದು ಎರಡ ಬಾಯಿಲೆ ಹೊರಗ ಹೋಗತೈತಿ. ಹಿಂಗ ಸೀಳಿದ್ರ ಎರಡೂ ಕಡಿ ಅರ್ಧಾ ಜೋರು. ಮತ್ತ ಸೀಳಿದ್ರ ಅರ್ಧಾದಾಗ ಅರ್ಧಾ."

"ಕಾಲು ಭಾಗ," ಎಂದಳು ತರನ್ನುಮ.

"ಹಾಂ, ನೀವು ಟೀಚರ ಮಂದಿ. ಟಿ.ವಿ. ಬರೇ ಕೇಳಸ್ಕೋತೈತಿ, ತಿರುಗಿ ಮಾತಾಡಂಗಿಲ್ಲ. ಮೊಡೆಮ್ ಹಂಗಲ್ಲ, ಅದು ಭಾಗಪ್ಪಣ್ಣನ ಆಫೀಸಿನ ತನಾ ತಿರುಗಿ ಕೂಗಬೇಕು. ಅದಕ್ಕ ಮೊದಲನೇ ಸೀಳಿನಾಗಿನ ಒಂದು ವಾಯರು ಪೂರ್ತಿ ಅದಕ್ಕ. ಇನ್ನೊಂದರಾಗ ಅಮ್ಮಾನ ಟಿ.ವಿ., ನನ್ನ ಟಿ.ವಿ. ಮತ್ತ ಯಾವ ಬಾಯಿನೂ ತೆರದು ಬಿಡಬಾರದು. ಖಾಲಿ ಇದ್ರ ಈ ಟೊಪ್ಪಿಗಿ ತಿರುವಬೇಕು. ಇಲ್ಲಂದ್ರ ಹೊರಗಿನ ಗದ್ದಲಾ ಎಲ್ಲಾ ಒಳಗ ಹೊಕ್ಕು ಮೊಡೆಮ್ಮಿನ ದನಿ ಮುಳಗಸ್ತೈತಿ." ಉಗುರಿನಷ್ಟು ದೊಡ್ಡದಾದ ಲೋಹದ ಮುಚ್ಚಳವೊಂದನ್ನು ಅವಳ ಅಂಗೈ ಮೇಲಿಟ್ಟ. "ನಿನ್ನ ವಾಯರಿಗೆ ನಡುವ ಯಾರೂ ಕೈ ಹಚ್ಚಂಗಿಲ್ಲ. ಇದು ನನ್ನ ಮಾತು."

ನಿಕಾಹದ ದಿನ ಅವನು ಒಪ್ಪಿದೆನೆಂದು ಹೇಳಿದ್ದು ಅವಳಿಗೆ ಹೆಂಗಸರ ಗಲಾಟೆಯಲ್ಲಿ ಸರಿಯಾಗಿ ಕೇಳಿಸಿರಲಿಲ್ಲ. ಈ ಮಾತು ಚೆನ್ನಾಗಿ ಕೇಳಿಸಿತು.

ಮೊದಲ ಪ್ರಯೋಗ ಪಾಠ ಜೂನ್ ತಿಂಗಳ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಗೆ. ಕಂಪನಿಯ ಪರೀಕ್ಷಕಿ ನೇತ್ರಾ ಎಂಬ ಹುಡುಗಿ ಪರದೆಯ ಮೂಲೆಯಲ್ಲಿ ಕುಳಿತಿದ್ದಳು. ತರನ್ನುಮ ಭಿನ್ನರಾಶಿ ಕಲಿಸತೊಡಗಿ ಹತ್ತು ನಿಮಿಷವೂ ಆಗಿರಲಿಲ್ಲ.

"ಮೇಡಂ, ನಿಮ್ಮ ದನಿ ಬರ್ತಿಲ್ಲ," ಎಂದಳು ನೇತ್ರಾ. "ತುಟಿ ಅಲ್ಲಾಡೋದು ಕಾಣುತ್ತೆ, ಅಷ್ಟೇ." ನೇತ್ರಾಳ ಮಾತು ಇವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಇವಳ ಮಾತು ಮಾತ್ರ ಅತ್ತ ಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಚಿತ್ರವೂ ನಿಂತಿತು.

ಸಂಜೆ ರಮಜಾನ ಮೊಡೆಮ್ ನೋಡಿದ. ದೀಪಗಳೆಲ್ಲ ಹಸಿರಾಗಿದ್ದವು. ಮಾಳಿಗೆ ಹತ್ತಿದ, ಬಹಳ ಹೊತ್ತು ಅಲ್ಲೇ ಇದ್ದು ಇಳಿದು ಬಂದ.

"ಎಲ್ಲಾ ಸರಿ ಐತಿ. ಅವರ ಕಡೇನ ಏನೋ ಆಗಿರಬೇಕು."

"ನಡುವ ಏನರ ಹಾಕೀರೇನು?"

ಅವನು ಪ್ಯಾಂಟಿಗೆ ಕೈ ಒರೆಸಿಕೊಂಡ. "ನಿನ್ನ ವಾಯರಿಗೆ ಕೈ ಹಚ್ಚಾಕ ನನಗೇನು ಹುಚ್ಚ ಹಿಡದೈತೇನು?"

ತರನ್ನುಮ ಒಂದು ನೋಟ್‌ಬುಕ್ ಇಟ್ಟಳು. ನೆಟ್ ಯಾವಾಗ ಕೆಡುತ್ತದೆ, ಯಾವಾಗ ಸರಿಯಾಗುತ್ತದೆ ಎಂದು ಗಂಟೆ ಗಂಟೆಗೆ ಬರೆದಳು. ಸಂಜೆ ಆರರಿಂದ ಒಂಬತ್ತರವರೆಗೆ ಒಮ್ಮೆಯೂ ಕೆಡಲಿಲ್ಲ. ಹಗಲಿನಲ್ಲಿ ಎಷ್ಟೋ ಸಲ ಕೆಟ್ಟಿತು. ಮೋಡ ಕವಿದ ದಿನವಂತೂ ಪೂರಾ ಹಾಳು. "ಮ್ವಾಡಕ್ಕ ಹಂಗ ಆಗತೈತಿ," ಎಂದ ರಮಜಾನ. ಮೂವತ್ತು ವರ್ಷ ಅದೇ ಕೆಲಸ ಮಾಡಿದವನು ಹೇಳಿದ್ದೆಂದು ಅವಳು ಅದನ್ನೂ ಬರೆದುಕೊಂಡಳು. ಕಂಪನಿಯವರು ಪಾಠವನ್ನು ಹಗಲಿನಲ್ಲೇ ಇಡುತ್ತಿದ್ದರು. ಸಂಜೆಗೆ ಬದಲಿಸಲು ಅವರು ಒಪ್ಪಲಿಲ್ಲ.

ಎರಡನೆಯ ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೇ ಪಡುವಣ ದಿಕ್ಕಿನಲ್ಲಿ ಗುಡುಗಿತು. ಹನ್ನೆರಡನೆಯ ನಿಮಿಷಕ್ಕೆ ಅವಳ ದನಿ ಕಡಿದುಹೋಯಿತು.

"ಸಾರಿ ಮೇಡಂ. ನೀವು ಚೆನ್ನಾಗಿ ಕಲಿಸ್ತೀರಿ, ಆದರೆ ನಿಯಮ ಇದೆ," ಎಂದಳು ನೇತ್ರಾ. "ಮೂರು ತಿಂಗಳಾದ ಮೇಲೆ ಮತ್ತೆ ಅರ್ಜಿ ಹಾಕಿ."

ತರನ್ನುಮ ಲ್ಯಾಪ್‌ಟಾಪ್ ಮುಚ್ಚಿದಳು. ಹನಿ ಬೀಳತೊಡಗಿದ್ದವು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದ್ದು ನೆನಪಾಗಿ ಏಣಿ ಹತ್ತಿದಳು. ಚಾದರದ ತುದಿ ಎತ್ತಲು ಬಾಗಿದಾಗ ಮಾಳಿಗೆಯ ಅಂಚಿನ ಕುಂಬಿ ಗೋಡೆಯ ಬುಡದಲ್ಲಿ ಒಂದು ಬಾಟಲಿ ಕಂಡಿತು. ಅರ್ಧ ಕತ್ತರಿಸಿ, ಬೋರಲು ಹಾಕಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದದ್ದು. ಕಟ್ಟಿದ ಕೈ ಯಾರದೆಂದು ಕೇಳಬೇಕಾಗಿರಲಿಲ್ಲ. ಪಟ್ಟಿ ಬಿಚ್ಚಿದಳು. ಒಳಗೆ ಎರಡು ಬಾಯಿಯ ಸ್ಪ್ಲಿಟರ್. ಒಂದು ಬಾಯಿಂದ ಅವಳ ಮೊಡೆಮ್ಮಿನ ವಾಯರು ಕೆಳಗಿಳಿದಿತ್ತು. ಇನ್ನೊಂದರಿಂದ ಹೊರಟ ವಾಯರು ಕುಂಬಿ ದಾಟಿ ಪಕ್ಕದ ಗುರುಬಾಯಿಯ ಮನೆಯ ಗವಾಕ್ಷಿಯಲ್ಲಿ ಇಳಿದಿತ್ತು.

ಮೆಣಸಿನಕಾಯಿ ತೊಯ್ದವು. ಅವಳು ಬಾಟಲಿ ಹಿಡಿದುಕೊಂಡೇ ಪಕ್ಕದ ಮನೆಗೆ ಹೋದಳು.

ಗುರುಬಾಯಿಗೆ ಎಪ್ಪತ್ತೈದು ದಾಟಿದೆ. ಮಗ ಹಗಲೆಲ್ಲ ಗಿರಣಿಯಲ್ಲಿರುತ್ತಾನೆ. ಮುದುಕಿ ಬೆಳ್ಳುಳ್ಳಿ ಬಿಡಿಸುತ್ತ ಕುಳಿತಿದ್ದಳು. ಟಿ.ವಿ. ಬಂದಾಗಿತ್ತು. ಅದರ ಹಿಂದಿನಿಂದ ಕಿತ್ತ ವಾಯರು, ಬಾಯಿ ತೆರೆದುಕೊಂಡು, ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

"ಬಾ ಯವ್ವಾ. ಮಳ್ಯಾಗ ಯಾಕ ತೊಯ್ಸ್ಕೊಂಡು ಬಂದಿ?"

"ಆಯಿ, ಆ ವಾಯರು ಯಾಕ ಕಿತ್ತೀರಿ?"

"ಗುಡಗಾಕತ್ತೈತಲ್ಲ ಬೇ. ಸಿಡ್ಲು ವಾಯರಿನಾಗ ಹಾದು ಮನ್ಯಾಗ ಬರತೈತಿ. ಮ್ಯಾಲಿನ ಓಣಿ ರಾಚವ್ವಂದು ಟಿ.ವಿ. ಹಂಗ ಸುಟ್ಟು ಕರಕಾತು. ನಾ ಸಂಜಿಗೆ ನೋಡೂ ಹೊತ್ತಿಗಷ್ಟ ಚುಚ್ಚತೀನಿ. ಹಗಲೆಲ್ಲಾ ಕಿತ್ತ ಮೊಳಿಗೆ ಹಾಕತೀನಿ. ಮ್ವಾಡ ಆದ್ರಂತೂ ಮುಟ್ಟಂಗಿಲ್ಲ."

ನೋಟ್‌ಬುಕ್ಕಿನ ಎಲ್ಲ ಸಾಲುಗಳೂ ಅಲ್ಲಿಗೆ ಕೂಡಿಬಂದವು.

"ಯಾರು ಹಾಕಿ ಕೊಟ್ಟರಿ ಇದನ್ನ?"

"ನಿನ್ನ ಗಂಡನ. ರಸ್ತೆ ಅಗದಾಗ ನಮ್ಮ ಲೈನ್ ಕಡದು ಹೋತಲ್ಲ, ಭಾಗಪ್ಪ ಇವತ್ತ ನಾಳೆ ಅಂದ. ರಮಜಾನಗ ಅಂದ್ನಿ, ಉಗಾದಿ ಮುಂದ ಬಂದು ಹಾಕಿಬಿಟ್ಟ. ಬಾಳ ಛಲೋ ಮನಷ್ಯಾ ಬೇ ನಿನ್ನ ಗಂಡ. ತರನ್ನುಮಗ ಹೇಳಬ್ಯಾಡ ಆಯಿ ಅಂದಿದ್ದ." ಗುರುಬಾಯಿ ಬೆಳ್ಳುಳ್ಳಿ ಕೆಳಗಿಟ್ಟಳು. "ಅಯ್ಯ, ನಾ ಹೇಳೇಬಿಟ್ನಿ ನೋಡು."

ಸಂಜೆ ರಮಜಾನ ಬಬಲೇಶ್ವರದಿಂದ ಬಂದು ಕೈಕಾಲು ತೊಳೆದು ಹೊರಗಿನ ಕೋಣೆಯಲ್ಲಿ ತನ್ನ ಟಿ.ವಿ.ಯ ಮುಂದೆ ಕುಳಿತ. ದಿನಾ ಒಂದು ತಾಸು ಹಳೆಯ ಹಿಂದಿ ಹಾಡು ಕೇಳುವುದು ಅವನ ಪದ್ಧತಿ. ಆ ತಾಸು ಆ ಟಿ.ವಿ.ಯನ್ನು ಯಾರೂ ಮುಟ್ಟುವಂತಿಲ್ಲ. ಲೋಕಕ್ಕೆಲ್ಲ ಹಂಚುವ ಮನುಷ್ಯ ತನ್ನದೆಂದು ಇಟ್ಟುಕೊಂಡದ್ದು ಅದೊಂದನ್ನೇ. ತರನ್ನುಮ ಬಾಟಲಿಯನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟಳು.

ಅವನು ಹಾಡಿನ ದನಿ ತಗ್ಗಿಸಿದ.

"ಆಯಿ ಬಾಗಲದಾಗ ಬಂದು ನಿಂತಿದ್ಲು," ಎಂದ.

"ನಾನೂ ಇದ ಮನ್ಯಾಗ ನಿಂತಿದ್ದೆ."

"ಟಿ.ವಿ. ಕಡಿ ವಾಯರಿನಾಗ ಹಾಕಿದ್ರ ಅಮ್ಮಾಗ ಚಿತ್ರಾ ಒಡೀತಿತ್ತು. ಅಮ್ಮಾ ಒದರತಿದ್ಲು."

"ನನ್ನದು ಒಡದ್ರ?"

"ಲೈಟ್ ಹಸರ ಇತ್ತಲ್ಲ. ನಿನಗ ಗೊತ್ತಾಗೂದಿಲ್ಲ ಅಂದ್ಕೊಂಡೆ."

ಅವನು ಕ್ಷಮೆ ಕೇಳಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಈ ಮಾತಿಗೆ ಸಿಟ್ಟೂ ಬರಲಿಲ್ಲ. ಅವಳಿಗೆ ಕೊಡಬಹುದಾದ ಪಾಲನ್ನು ಅವನು ಹೀಗೆ ಅಳೆದಿದ್ದ: ಎಷ್ಟು ಕಡಿದರೆ ಗೊತ್ತಾಗುವುದಿಲ್ಲವೋ ಅಷ್ಟು ಕಡಿಯಬಹುದು.

"ಮ್ಯಾಲ ಹತ್ತಿ ನೋಡಿ ಬಂದ್ರಲ್ಲ, ಅವತ್ತ ಕೇಳಿದ್ದೆ ನಾ."

ಅವನು ಬಾಟಲಿಯನ್ನು ಟಿ.ವಿ.ಯ ಹಿಂದಕ್ಕೆ ಸರಿಸಿಟ್ಟ.

"ಹೋಗಿ ಆಯಿಗೆ ಹೇಳ್ರಿ, ವಾಯರು ತೆಗೀತೀನಿ ಅಂತ. ನೀವ ಹಾಕೀರಿ, ನೀವ ತೆಗೀಬೇಕು."

"ಆತು ತಗೋ," ಎಂದ ರಮಜಾನ.

ಮರುದಿನ ತರನ್ನುಮ ಮಾಳಿಗೆ ಹತ್ತಿ ನೋಡಿದಳು. ಸ್ಪ್ಲಿಟರ್ ಅಲ್ಲೇ ಇತ್ತು. ಅವಳು ಬಿಚ್ಚಿ ಒಯ್ದ ಬಾಟಲಿಯ ಬದಲು ಹೊಸ ಬಾಟಲಿ ಕಟ್ಟಿದ್ದ. ಮಳೆಯ ದಿನವಲ್ಲವೇ, ಜೋಡಣೆ ಕೆಡಬಾರದು. ಅವಳು ಇನ್ನೊಮ್ಮೆ ಹೇಳಲಿಲ್ಲ. ತಾನೇ ಕಿತ್ತು ಬಿಸಾಡುವುದು ಎರಡು ನಿಮಿಷದ ಕೆಲಸ. ಆದರೆ ಅವನು ಆ ಮುದುಕಿಯ ಮುಂದೆ ನಿಂತು ಒಂದು ಸಲ ಇಲ್ಲ ಎನ್ನುತ್ತಾನೋ ನೋಡಬೇಕೆಂಬ ಹಟ ಅವಳಿಗೆ ಹುಟ್ಟಿತ್ತು. ವಾರ ಕಳೆಯಿತು, ತಿಂಗಳು ಕಳೆಯಿತು. ಅಲ್ಲಿಂದಾಚೆ ಅವಳು ಗಂಡನ ಜೊತೆ ರೊಟ್ಟಿ, ಔಷಧಿ, ನೀರು ಇಷ್ಟನ್ನೇ ಮಾತಾಡಿದಳು.

"ಏನಾತ ಇಬ್ಬರಿಗೂ?" ಎಂದು ಹುಸೇನಬಿ ಮಂಚದ ಮೇಲಿಂದ ಕೇಳುತ್ತಿದ್ದಳು. "ಮನ್ಯಾಗ ಟಿ.ವಿ. ಒಂದ ಮಾತಾಡತೈತಿ."

ಮೂರು ತಿಂಗಳಾದ ಮೇಲೆ ಕಂಪನಿ ಮತ್ತೆ ಕರೆಯಿತು. ತರನ್ನುಮ ಯಾರನ್ನೂ ಕೇಳದೆ ವ್ಯವಸ್ಥೆ ಮಾಡಿಕೊಂಡಳು. ಬಿ.ಇಡಿ. ಗೆಳತಿ ಪೂರ್ವಾ ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯೊಂದರಲ್ಲಿ ಮನೆ ಮಾಡಿದ್ದಳು. ಅವಳ ನೆಟ್ ಗಟ್ಟಿ. ಅರ್ಧ ದಿನ ಅತ್ತೆಯ ಪಕ್ಕ ಕೂರಲು ಯಾರಾದರೂ ಬೇಕಿತ್ತು. ಓಣಿಯಲ್ಲಿ ಹಗಲು ಬಿಡುವಿದ್ದವಳು ಗುರುಬಾಯಿ ಒಬ್ಬಳೇ. ಅವಳನ್ನೇ ಕೂರಿಸಿ ತರನ್ನುಮ ಬಸ್ಸು ಹತ್ತಿದಳು.

"ಗಂಡ ಎರಡೂರಿಗೆ ವಾಯರು ಎಳದಾನ," ಎಂದು ಪೂರ್ವಾ ಚಹಾ ತಂದಿಟ್ಟು ನಕ್ಕಳು. "ನೀ ಬಸ್ ಹತ್ತಿ ನಮ್ಮನೀಗೆ ಬರಬೇಕಾತೇನ?"

ತರನ್ನುಮ ನಗಲಿಲ್ಲ. "ನಿನ್ನ ಮೊಡೆಮ್ಮಿನ ವಾಯರು ಎಲ್ಲಿಂದ ಬರತೈತಿ, ಒಮ್ಮೆ ತೋರಸ್ತೀಯಾ?" ಎಂದಳು. ಕಂಬದಿಂದ ಗೋಡೆಯವರೆಗೆ ಕಣ್ಣಿನಿಂದ ಅಳೆದು, ನಡುವೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಂದು ಕುಳಿತಳು.

ನಲವತ್ತು ನಿಮಿಷ ಒಂದು ತೊಡಕಿಲ್ಲದೆ ಕಳೆಯಿತು. ವಾರದೊಳಗೆ ಪತ್ರ ಬಂತು, ಸೋಮವಾರದಿಂದ ದಿನಾ ಎರಡು ತರಗತಿ. ಸುದ್ದಿ ಕೇಳಿ ರಮಜಾನ "ಛಲೋ ಆತು" ಎಂದ. ದಿನಾ ಪೂರ್ವಾಳ ಮನೆಗೆ ಹೋಗಲಾಗದು ಎಂಬುದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಸಂಜೆ, ಅವನು ಬರುವ ಮುಂಚೆ, ತರನ್ನುಮ ಅವನ ಹಳೆಯ ಚೀಲದಿಂದ ಕಟ್ಟರ್ ತೆಗೆದುಕೊಂಡು ಮಾಳಿಗೆ ಹತ್ತಿದಳು. ಹಟ ಸಾಕಾಗಿತ್ತು. ನಾಳೆ ಹತ್ತು ಗಂಟೆಗೆ ಮಕ್ಕಳು ಕಾಯುತ್ತಾರೆ. ಕುಂಬಿಯ ಬುಡದಲ್ಲಿ ಬಾಟಲಿ ಇರಲಿಲ್ಲ. ಸ್ಪ್ಲಿಟರೂ ಇರಲಿಲ್ಲ. ಮೊದಲನೆಯ ಸೀಳಿನಿಂದ ಅವಳ ಕೋಣೆಯವರೆಗೆ ಹೊಸ ವಾಯರು, ಎಲ್ಲೂ ಗಂಟಿಲ್ಲದೆ, ಒಂದೇ ತುಂಡು.

ಅಷ್ಟರಲ್ಲಿ ಗೋಡೆಯಾಚೆ ಗುರುಬಾಯಿಯ ಟಿ.ವಿ. ಶುರುವಾಯಿತು.

ಹಾಗಾದರೆ ಮತ್ತೆ ಎಲ್ಲೋ ಕದ್ದಿದ್ದಾನೆ ಎಂದುಕೊಂಡಳು. ಕಟ್ಟರ್ ಹಿಡಿದೇ ಮುದುಕಿಯ ಮನೆಗೆ ಇಳಿದಳು. ಮೊಳೆಯಲ್ಲಿ ಈಗ ದಾರ ಕಟ್ಟಿದ ಒಂದು ಪುಟ್ಟ ಲೋಹದ ಟೊಪ್ಪಿಗೆ ನೇತಾಡುತ್ತಿತ್ತು.

"ಕಿತ್ತಾಗೊಮ್ಮೆ ಇದನ್ನ ಬಾಯಿಗೆ ತಿರುವಬೇಕಂತ ಬೇ," ಎಂದಳು ಗುರುಬಾಯಿ. "ದಿನಾ ಕೆಲಸಕ್ಕ ಹೋಗೂ ಮುಂದ ಬಂದು ನೋಡಿ ಹೋಗತಾನ, ತಿರುವೇನೋ ಇಲ್ಲೋ ಅಂತ. ನನಗ ಸಾಲಿ ಹುಡುಗಿಗತೆ ಮಾಡ್ಯಾನ."

"ಯಾವಾಗ ಹಾಕ್ಯಾರ?"

"ನೀ ಗೆಳತಿ ಮನಿಗೆ ಹೋಗಿದ್ದಿ ನೋಡು, ಅವತ್ತ. ಮಧ್ಯಾಹ್ನ ಊಟಕ್ಕ ಬಂದ. ತರನ್ನುಮ ಎಲ್ಲಿ ಅಂದ. ಬಸ್ಸಿಗೆ ಹೋಗ್ಯಾಳ, ಪಾಠ ಹೇಳಾಕ ಅಂದ್ನಿ. ಉಣಲೇ ಇಲ್ಲ, ಮಾಳಗಿ ಹತ್ತಿದ."

ತರನ್ನುಮ ಗವಾಕ್ಷಿಯಿಂದ ಹೊರಬಿದ್ದ ವಾಯರಿನ ಬೆನ್ನು ಹತ್ತಿದಳು. ಅದು ಕುಂಬಿಯ ಅಂಚಿಗೆ ಹೋಗಿ, ಕಿಟಕಿಯ ಮೂಲೆಯಲ್ಲಿ ಇಳಿದು, ತನ್ನದೇ ಮನೆಯ ಹೊರಗಿನ ಕೋಣೆ ಸೇರಿತ್ತು. ಅತ್ತೆಯ ಟಿ.ವಿ.ಯ ವಾಯರು ಇದ್ದ ಹಾಗೆಯೇ ಇತ್ತು. ರಮಜಾನನ ಟಿ.ವಿ.ಗೆ ಬರುತ್ತಿದ್ದ ವಾಯರಿಗೆ ಗೋಡೆಯ ಬಳಿ ಜೋಡಣೆ ಕೊಟ್ಟು ಹೊರಗೆ ತಿರುಗಿಸಲಾಗಿತ್ತು. ಟಿ.ವಿ.ಯ ಮೇಲೆ ಹೂವಿನ ಕಸೂತಿಯ ಬಟ್ಟೆ ಹೊದಿಸಿತ್ತು. ಬಟ್ಟೆ ಸರಿಸಿ ಹಿಂಬದಿ ನೋಡಿದಳು. ವಾಯರು ಚುಚ್ಚುವ ಜಾಗ ಖಾಲಿ. ಅದರ ಸುತ್ತ ವಾರದ ಧೂಳು ಕೂತಿತ್ತು.

ಬಟ್ಟೆಯನ್ನು ಮೊದಲಿದ್ದ ಮಡಿಕೆಯಲ್ಲೇ ಎಳೆದು ಬಿಟ್ಟಳು. ಕಟ್ಟರನ್ನು ಚೀಲದಲ್ಲಿ ಇದ್ದ ಜಾಗಕ್ಕೆ ಇಟ್ಟಳು. ಗುರುಬಾಯಿಗೆ ಅವನು ಇವತ್ತಿಗೂ ಇಲ್ಲ ಎಂದಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ರಮಜಾನ ಬಂದ. ಕೈಕಾಲು ತೊಳೆದು, ಹೊರಗಿನ ಕೋಣೆಯಲ್ಲಿ, ದಿನಾ ಕೂರುವಲ್ಲೇ ಕುಳಿತ.

"ರಮಜಾನ," ಎಂದು ಒಳಗಿನಿಂದ ಹುಸೇನಬಿ ಕೂಗಿದಳು, "ವಾರ ಆತು, ನಿನ್ನ ಹಾಡು ಕೇಳವಲ್ದು. ಟಿ.ವಿ.ಗೆ ಏನಾತೋ?"

"ಕೆಟ್ಟೈತಿ ಅಮ್ಮಾ. ಪಾರ್ಟು ವಿಜಾಪುರದಾಗ ಸಿಗವಲ್ದು."

"ಊರಾಗಿನ ಟಿ.ವಿ. ಎಲ್ಲಾ ನೆಟ್ಟಗ ಮಾಡತಿ. ಮನೀದು ಆಗವಲ್ದೇನು?"

"ಆಕ್ಕೈತಿ ತಗೋ."

ಒಲೆಯ ಮುಂದೆ ತರನ್ನುಮ ರೊಟ್ಟಿ ಬಡಿಯುತ್ತಿದ್ದಳು. ಅದು ಸುಳ್ಳೆಂದು ಗೊತ್ತಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ. ರೊಟ್ಟಿ ತಂದು ಅವನ ತಟ್ಟೆಗೆ ಹಾಕಿದಳು. ಗೋಡೆಯಾಚೆ ಗುರುಬಾಯಿಯ ಧಾರಾವಾಹಿಯಲ್ಲಿ ಯಾರೋ ಜೋರಾಗಿ ಅಳುತ್ತಿದ್ದರು. ರಮಜಾನ ಬಟ್ಟೆ ಹೊದ್ದ ಟಿ.ವಿ.ಗೆ ಮುಖ ಮಾಡಿ ಉಣ್ಣತೊಡಗಿದ.